ವೀಸಾ ಆಗುವವರೆಗೆ

ವೈಜಯಂತಿಯವರಿಗೆ ಪಾಸ್‌ಪೋರ್ಟ್ ಇಲ್ಲ. ದಾವಣಗೆರೆಯಿಂದ ಮದುವೆಯಾಗಿ ದಿಲ್ಲಿಗೆ ಬಂದವರು, ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲೇ ತಲೆ ನರೆಸಿಕೊಂಡರು. ಪಕ್ಕದ ನೇಪಾಳವನ್ನೂ ಕಂಡವರಲ್ಲ. ಹೀಗಿದ್ದೂ ದಿಲ್ಲಿಯ ಕನ್ನಡದವರಲ್ಲಿ ಯಾರಿಗಾದರೂ ಹೊರದೇಶದ ವೀಸಾ ಬೇಕಾದರೆ ಮೊದಲು ನೆನಪಾಗುವುದು ಅವರ ಹೆಸರು. ಅವರು ಏಜೆಂಟರಲ್ಲ. ಅರ್ಜಿ ತುಂಬಿಕೊಡುವುದಿಲ್ಲ. ಯಾವ ದೇಶಕ್ಕೆ ಯಾವ ಕಾಗದ ಬೇಕು ಎಂದು ಕೇಳಿದರೆ "ಅದನ್ನೆಲ್ಲ ಕಂಪ್ಯೂಟರ್‌ನಲ್ಲಿ ನೋಡ್ಕೊಳ್ಳಿ, ನನಗೇನು ಗೊತ್ತು" ಎಂದುಬಿಡುತ್ತಾರೆ. ಅವರು ಮಾಡುವುದು ಒಂದೇ ಕೆಲಸ. ಬಂದವರ ಜೊತೆ ಚಾಣಕ್ಯಪುರಿಗೆ ಹೋಗಿ, ಅವರು ರಾಯಭಾರ ಕಚೇರಿಯ ಒಳಗಿರುವಷ್ಟು ಹೊತ್ತು ಹೊರಗಿನ ಬೇವಿನ ಮರದ ಕೆಳಗೆ ಅವರ ಫೋನು, ಚೀಲ ಹಿಡಿದುಕೊಂಡು ಕೂರುತ್ತಾರೆ.

ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಆ ಗೇಟಿನ ಮುಂದೆ ನಿಂತು ನೋಡಬೇಕು. ಒಳಗೆ ಫೋನ್ ಬಿಡುವುದಿಲ್ಲ, ಚೀಲ ಬಿಡುವುದಿಲ್ಲ, ನೀರಿನ ಬಾಟಲಿಯನ್ನೂ ಬಿಡುವುದಿಲ್ಲ. ದೂರದ ಊರಿನಿಂದ ರೈಲು ಹತ್ತಿ ಬಂದ ಮನುಷ್ಯ ಇದನ್ನೆಲ್ಲ ಎಲ್ಲಿಡಲಿ ಎಂದು ಗಾರ್ಡನ್ನು ಕೇಳಿದರೆ, ಗಾರ್ಡು ಇನ್ನೆಲ್ಲೋ ನೋಡುತ್ತಾನೆ. ಹಿಂದೊಮ್ಮೆ ವೈಜಯಂತಿಯವರ ಗಂಡ ಏಕನಾಥರ ಕಚೇರಿಯ ಗೆಳೆಯರ ಮಗ ಹೀಗೇ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಾಗ ಇವರು ಆಟೊ ಹಿಡಿದು ಹೋಗಿ ಅವನ ಚೀಲ ಕಾದರು. ಮಾತು ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ವಿಶ್ವವಿದ್ಯಾಲಯಗಳಲ್ಲಿ ಓದುವವರು, ಗುರುಗ್ರಾಮದ ಆಫೀಸುಗಳಲ್ಲಿ ದುಡಿಯುವವರು, ಅವರನ್ನು ನೋಡಲು ಊರಿನಿಂದ ಬಂದ ಅಪ್ಪ ಅಮ್ಮಂದಿರು, ಹೀಗೆ ಬರುತ್ತಲೇ ಇದ್ದಾರೆ. ಕೆಲವರು ಹಿಂದಿನ ಸಂಜೆಯೇ ಬಂದು ಹಾಲ್‌ನಲ್ಲಿ ಮಲಗುತ್ತಾರೆ. ಬೆಳಿಗ್ಗೆ ಅವರಿಗೆ ತಿಂಡಿ ಕೊಟ್ಟು, ಗೇಟಿನ ತನಕ ನಡೆಸಿ, ವೈಜಯಂತಿ ಎಲ್ಲರಿಗೂ ಹೇಳುವ ಮಾತು ಒಂದೇ: "ಒಳಗೆ ಏನು ಕೇಳಿದ್ರೂ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಇಲ್ಲದ್ದು ಸೇರಿಸಬೇಡಿ, ಇರೋದು ಮುಚ್ಚಬೇಡಿ."

ಅಂಥವರು ಈ ಫೆಬ್ರುವರಿಯ ಒಂದು ಶುಕ್ರವಾರ ಏನು ಮಾಡಿದರು ಎಂಬುದನ್ನು ಹೇಳಬೇಕಾಗಿದೆ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದರು.

ಹಿಂದಿನ ಸಂಜೆ ಅವರ ಮನೆಗೆ ಬಂದವಳು ಗಾನವಿ. ರಾಣೆಬೆನ್ನೂರಿನ ಹುಡುಗಿ, ದಿಲ್ಲಿಯಲ್ಲಿ ಸಂಶೋಧನೆ ಮಾಡುತ್ತ ಹಾಸ್ಟೆಲ್ಲಿನಲ್ಲಿದ್ದಳು. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿ ಶಾಂತಮ್ಮ ತಮ್ಮನಾದ ಈಶ್ವರಪ್ಪನ ಮನೆಯಲ್ಲಿದ್ದರು. ಇದ್ದೊಬ್ಬ ಅಣ್ಣ ಯಶವಂತ್ ನರ್ಸಿಂಗ್ ಓದಿ, ಯುರೋಪಿನ ಚಿಕ್ಕ ದೇಶವೊಂದರಲ್ಲಿ ವೃದ್ಧರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ಕೆಲಸಕ್ಕಿದ್ದ. ದೇಶದ ಹೆಸರು ಬೇಡ. ಹೊರಗೆ ನಿಂತವರಿಗೆ ಎಲ್ಲ ದೇಶಗಳ ಗೇಟೂ ಒಂದೇ. ಅಲ್ಲಿ ಅವನಿಗೆ ಶ್ವಾಸಕೋಶದ ಸೋಂಕು ತಗುಲಿ, ಔಷಧಿಗೆ ಬಗ್ಗದೆ ಆಸ್ಪತ್ರೆ ಸೇರಿದ್ದ. ಮನೆಯವರೊಬ್ಬರು ಹತ್ತಿರವಿದ್ದರೆ ಒಳ್ಳೆಯದು ಎಂದು ಆಸ್ಪತ್ರೆ ಕಾಗದ ಕಳಿಸಿತ್ತು. ಆ ಕಾಗದದ ಬಲದ ಮೇಲೆ ಗಾನವಿಗೆ ಶುಕ್ರವಾರಕ್ಕೆ ತುರ್ತು ಸಂದರ್ಶನ ಸಿಕ್ಕಿತ್ತು. ವೀಸಾ ಕೈಗೆ ಬಂದರೆ ಅದೇ ರಾತ್ರಿ ವಿಮಾನ.

ಸಂಜೆ ಅವಳು ದಿವಾನದ ಮೇಲೆ ಕಾಗದಗಳನ್ನೆಲ್ಲ ಹರಡಿ ಕೂತಳು. ಎರಡೂ ಕಿವಿ ಕಾಣುವಂತೆ ತೆಗೆಸಿದ ಫೋಟೊ, ಪ್ರಯಾಣದ ವಿಮೆ, ಹೋಗಿ ಬರುವ ಟಿಕೆಟ್ಟು, ಈಕೆ ಮರಳಿ ಬಂದು ಓದು ಮುಂದುವರಿಸುತ್ತಾಳೆ ಎಂದು ವಿಶ್ವವಿದ್ಯಾಲಯ ಕೊಟ್ಟ ಪತ್ರ, ಎಲ್ಲದರ ಮೇಲೆ ಆಸ್ಪತ್ರೆಯ ಕಾಗದ.

"ಯಾಕೆ ಹೋಗ್ತಿದೀಯ ಅಂತ ಕೇಳಿದ್ರೆ ಹೇಗೆ ಹೇಳ್ಲಿ ಆಂಟಿ? ಉದ್ದಕ್ಕೆ ಹೇಳ್ಬೇಕಾ?"

"ಅಣ್ಣನ್ನ ನೋಡ್ಕೊಳ್ಳೋಕೆ ಅನ್ನು. ಅಷ್ಟು ಸಾಕು. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಆಯ್ತು."

ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಬೆಳಿಗ್ಗೆ ಹಾಲಿನ ಪಾಕೀಟು ಕತ್ತರಿಸುತ್ತಿದ್ದಾಗ ವೈಜಯಂತಿಯವರ ಫೋನ್ ಬಡಿದುಕೊಂಡಿತು. ಮಾತಾಡಿದವರು ಗಾನವಿಯ ಮಾವ ಈಶ್ವರಪ್ಪ; ಇವರ ನಂಬರನ್ನು ಹಿಂದಿನ ಸಂಜೆ ಅವಳೇ ಅವರಿಗೆ ಕೊಟ್ಟಿದ್ದಳು. ಧ್ವನಿ ಕೇಳಿದ ಕೂಡಲೇ ಇವರು ಅಡುಗೆಮನೆಯ ಬಾಗಿಲು ಹಾಕಿಕೊಂಡರು.

"ಅಕ್ಕಾರ, ರಾತ್ರಿ ಹುಡುಗ ಹೋಗಿಬಿಟ್ಟ" ಎಂದರು ಈಶ್ವರಪ್ಪ. "ಸೋಂಕಿನ ಹೆಣ, ಊರಿಗೆ ಕಳಸೂದಿಲ್ಲ ಅಂದಾರ. ಅಲ್ಲೇ ಮಣ್ಣು ಮಾಡಬೇಕು. ಸೋಮವಾರ ಮುಂಜಾನೆ ಜಾಗ ಸಿಕ್ಕೈತಿ, ನಾ ಹೂಂ ಅಂದೀನಿ. ಅದು ಬಿಟ್ಟರ ಮತ್ತ ಯಾವಾಗೋ ಗೊತ್ತಿಲ್ಲ. ಗಾನವಿ ಅಷ್ಟರೊಳಗ ಮುಟ್ಟಿದರ ಗಾಜಿನ ಆಚೆಯಿಂದ ಮುಖ ನೋಡಾಕ ಬಿಡ್ತಾರಂತ. ಆಕಿಗೆ ಈಗ ಹೇಳಬ್ಯಾಡ್ರಿ. ಕೇಳಿದರ ಅಲ್ಲೇ ಕುಸೀತಾಳ, ಒಳಗ ಮಾತಾಡೂದು ಹೆಂಗ? ವೀಸಾ ಆಗ್ಲಿ, ಆಮ್ಯಾಲೆ ನೀವೇ ನಿಧಾನಕ್ಕ ಹೇಳ್ರಿ. ನಮ್ಮ ಅಕ್ಕಗೂ ಹೇಳಿಲ್ಲ, ಬಿ.ಪಿ. ಐತಿ. ಸೀರಿಯಸ್ ಅಂತಷ್ಟೇ ಹೇಳೀವಿ."

ವೈಜಯಂತಿ "ಆಗಲಿ" ಎಂದರು. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ತಾನಾಗಿ ಬಂತು. ಇಂಥ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವುದು ಅವರಿಗೆ ಹೊಸದಲ್ಲ. ಅವರ ತಂದೆ ತೀರಿಕೊಂಡಾಗಲೂ ದಾವಣಗೆರೆಯಿಂದ ಫೋನ್ ಮಾಡಿದ ದೊಡ್ಡಪ್ಪ "ಸೀರಿಯಸ್ ಇದಾರೆ, ಹೊರಟು ಬಾ" ಎಂದಷ್ಟೇ ಹೇಳಿದ್ದರು. ಕೂಸನ್ನು ಕಟ್ಟಿಕೊಂಡು ರೈಲಿನಲ್ಲಿ ಎರಡು ರಾತ್ರಿ ಕಳೆದರು. ನಡುವೆ ಕಿತ್ತಳೆ ಸುಲಿದು ತಿಂದರು, ಕಣ್ತುಂಬ ನಿದ್ದೆಯನ್ನೂ ಮಾಡಿದರು. ಮನೆಯ ಮುಂದೆ ನಿಂತ ಜನರನ್ನು ಕಂಡಾಗಲೇ ವಿಷಯ ತಿಳಿದದ್ದು. ಆ ಎರಡು ರಾತ್ರಿಯ ನಿದ್ದೆಯನ್ನು ತನಗೆ ಉಳಿಸಿಕೊಟ್ಟ ದೊಡ್ಡಪ್ಪನ ಮೇಲೆ ಅವರಿಗೆ ಎಂದೂ ಸಿಟ್ಟು ಬಂದಿರಲಿಲ್ಲ.

ಆದರೆ ಮಗಳು ಹಂಸಿನಿಗೆ ಸಿಟ್ಟು ಬಂತು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಆಫೀಸಿಗೆ ಹೊರಟು ಕಾಫಿಗೆಂದು ಅಡುಗೆಮನೆಗೆ ಬಂದವಳಿಗೆ ತಾಯಿಯ ಮುಖ ನೋಡಿಯೇ ಗೊತ್ತಾಯಿತು. ಕೇಳಿ ತಿಳಿದುಕೊಂಡು, ದನಿ ತಗ್ಗಿಸಿ ಹೇಳಿದಳು:

"ಅಮ್ಮಾ, ಯೇ ಠೀಕ್ ನಹೀ ಹೈ, ಇದು ಸರಿಯಲ್ಲ. ಅವಳ ಅಣ್ಣ ಅವನು. ಸಬ್‌ಸೆ ಪೆಹಲೆ, ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗ್ಬೇಕು ನಾ?"

"ಗೊತ್ತಾದ್ರೆ ಎದ್ದು ನಿಲ್ಲಲ್ಲ ಅವಳು. ಕೌಂಟರ್ ಮುಂದೆ ಏನು ಮಾತಾಡ್ತಾಳೆ? ಮುಖ ನೋಡೋದೂ ತಪ್ಪಿಹೋಗುತ್ತೆ."

"ಎಂಬೆಸಿಯವರು ಹಾಸ್ಪಿಟಲ್‌ಗೆ ಕಾಲ್ ಮಾಡಿ ಚೆಕ್ ಮಾಡಿದ್ರೆ?"

"ಬೆಳಿಗ್ಗೆ ಬೆಳಿಗ್ಗೆ ಅವರಿಗೆ ಅದೇ ಕೆಲಸ ನೋಡು. ನೀನು ಸುಮ್ಮನೆ ಆಫೀಸಿಗೆ ಹೋಗು."

ಹಂಸಿನಿ ಕಾಫಿ ಕುಡಿಯದೆ ಹೋದಳು. ವೈಜಯಂತಿ ಉಪ್ಪಿಟ್ಟು ಕೆದಕಿದರು. ಗಾನವಿ ಸ್ನಾನ ಮಾಡಿ ಬಂದಾಗ ಅವಳ ಫೋನು ಇಟ್ಟಲ್ಲಿ ಇರಲಿಲ್ಲ. "ಚಾರ್ಜಿಗೆ ಹಾಕಿದ್ದೆ, ಈಗ ನನ್ನ ಚೀಲದಲ್ಲಿದೆ. ಹೇಗೂ ಒಳಗೆ ಬಿಡಲ್ಲ" ಎಂದರು ವೈಜಯಂತಿ. ಹುಡುಗಿ ತಲೆ ಒರೆಸಿಕೊಳ್ಳುತ್ತ ತಿಂಡಿಗೆ ಕೂತಳು. ನಂಬಿದವರು ಪ್ರಶ್ನೆ ಕೇಳುವುದಿಲ್ಲ. ವೈಜಯಂತಿ ಅವಳಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು. ಮುಂದೆ ಅವಳು ಯಾವಾಗ ತಿನ್ನುತ್ತಾಳೋ ಎಂದು ಅವರ ಲೆಕ್ಕ.

ಆಟೊದಲ್ಲಿ ಗಾನವಿ ಅಣ್ಣನ ಮಾತನ್ನೇ ಆಡುತ್ತಿದ್ದಳು. ಕೊನೆಯ ಸಲ ವೀಡಿಯೊದಲ್ಲಿ ಕಂಡಾಗ ಮೂಗು ಬಾಯಿ ಮುಚ್ಚಿದ ಮಾಸ್ಕಿತ್ತಂತೆ, ಮಾತಾಡಲು ಆಗದೆ ಕೈ ಎತ್ತಿ ತೋರಿಸಿದನಂತೆ. ಅಲ್ಲಿ ಚಳಿ, ಅವನಿಗೆ ಬೆಚ್ಚಗಿನ ಟೋಪಿ ಒಯ್ಯುತ್ತಿದ್ದೇನೆ, ಸರೋಜಿನಿ ನಗರದಲ್ಲಿ ತೆಗೆದುಕೊಂಡೆ ಎಂದಳು. ವೈಜಯಂತಿ ರಸ್ತೆಯ ಕಡೆ ಮುಖ ತಿರುಗಿಸಿ ಹೂಂ, ಹೂಂ ಎನ್ನುತ್ತ ಬಂದರು. ದಿಲ್ಲಿಯ ಚಳಿಗಾಲ ಮುಗಿಯುತ್ತ ಬಂದಿತ್ತು, ಬಿಸಿಲು ಹಿತವಾಗಿತ್ತು, ಬೂರುಗದ ಮರಗಳು ಕೆಂಪಗೆ ಹೂಬಿಟ್ಟಿದ್ದವು. ಅವರಿಗೆ ಅದೆಲ್ಲ ಬೇಡವಾಗಿತ್ತು.

ಗೇಟಿನ ಮುಂದೆ ನಿಂತಾಗ ಪ್ರತಿಯೊಬ್ಬರಿಗೂ ಹೇಳುವ ಆ ಮಾತು ಅಂದು ಅವರ ಬಾಯಿಗೆ ಬರಲಿಲ್ಲ. ಗಾನವಿಯೇ ನೆನಪು ಮಾಡಿಕೊಂಡು, "ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ ಆಂಟಿ, ಭಯ ಇಲ್ಲ" ಎಂದು ಅವರ ಕೈ ಒತ್ತಿ ಒಳಗೆ ಹೋದಳು.

ಬೇವಿನ ಮರದ ಕೆಳಗೆ ಇನ್ನೂ ನಾಲ್ಕಾರು ಮಂದಿ ಕಾಯುತ್ತಿದ್ದರು. ಜಲಂಧರದ ಹೆಂಗಸೊಬ್ಬಳು ಸೊಸೆಯ ಚೀಲ ತಬ್ಬಿಕೊಂಡು ಕೂತು ಬಾಯಲ್ಲೇ ಏನೋ ಜಪಿಸುತ್ತಿದ್ದಳು. "ಬೆಹೆನ್‌ಜಿ, ನಿಮ್ಮ ಹುಡುಗೀದು ಆಗಿಯೇ ಆಗುತ್ತೆ, ಮುಖದಲ್ಲೇ ಸತ್ಯ ಇದೆ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದಳು. ವೈಜಯಂತಿ ತಲೆಯಾಡಿಸಿದರು. ಅವರ ಮನಸ್ಸು ಮುಂದಿನದನ್ನು ಜೋಡಿಸುತ್ತಿತ್ತು. ಹೊರಗೆ ಬಂದ ಕೂಡಲೇ ಹೇಳಬಾರದು. ಮೊದಲು ಕೂರಿಸಬೇಕು, ನೀರು ಕುಡಿಸಬೇಕು, ವೀಸಾ ಆಯಿತಲ್ಲ ಎಂದು ದೇವರಿಗೆ ಕೈ ಮುಗಿಸಬೇಕು, ಬೆನ್ನ ಮೇಲೆ ಕೈಯಿಟ್ಟು ಆಮೇಲೆ ಬಾಯಿ ಬಿಡಬೇಕು. ಅತ್ತರೆ ಅಳಲಿ, ಸಂಜೆಯ ತನಕ ಹೊತ್ತಿದೆ. ತಾನೇ ವಿಮಾನ ನಿಲ್ದಾಣದ ತನಕ ಹೋಗಿ ಬಿಟ್ಟು ಬರುತ್ತೇನೆ ಎಂದುಕೊಂಡರು. ಇಷ್ಟು ಗೊತ್ತುಮಾಡಿಕೊಂಡ ಮೇಲೆ ಮನಸ್ಸು ಹಗುರಾಯಿತು ಕೂಡ. ಮಾಡುತ್ತಿರುವುದು ಉಪಕಾರವೇ ಎಂದು ಅವರಿಗೆ ಆಗ ಖಂಡಿತವಾಗಿ ಅನ್ನಿಸಿತ್ತು.

ಗಾನವಿ ಹೊರಗೆ ಬಂದಾಗ ಅವಳ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು.

ಆ ಮರದ ಕೆಳಗೆ ಕಾಯುವವರಿಗೆಲ್ಲ ಇದು ತಿಳಿದಿದೆ. ಕೆಲಸ ಆಗುವುದಿದ್ದರೆ ಪಾಸ್‌ಪೋರ್ಟ್ ಒಳಗೇ ಉಳಿಯುತ್ತದೆ, ವೀಸಾದ ಚೀಟಿ ಅಂಟಿಸಿ ಮತ್ತೆ ಕೊಡುತ್ತಾರೆ. ಕೈಯಲ್ಲಿ ಹಿಡಿದು ಬಂದರೆಂದರೆ ಆಗಲಿಲ್ಲ. ಜಲಂಧರದ ಹೆಂಗಸು ಅವಳನ್ನು ನೋಡಿ ಜಪ ನಿಲ್ಲಿಸಿದಳು. ಗಾನವಿ ಅಳುತ್ತಿರಲಿಲ್ಲ. ಗಾಡಿಗಳು ಹೋಗುವ ತನಕ ನಿಂತು, ರಸ್ತೆ ದಾಟಿ ಬಂದು, ವೈಜಯಂತಿಯವರ ಪಕ್ಕದಲ್ಲಿ ಕೂತಳು.

"ಆಂಟಿ, ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳುವ ದಾರಿ ಇನ್ನೂ ಇತ್ತು. ಏನು ಎಂದು ಕೇಳಿದ್ದರೆ ಸಾಕಿತ್ತು. ವೈಜಯಂತಿಗೆ ಅದು ಆಗಲಿಲ್ಲ.

"ಗೊತ್ತಿತ್ತು" ಎಂದರು. "ಬೆಳಿಗ್ಗೆ ನಿಮ್ಮ ಮಾವ ಫೋನ್ ಮಾಡಿದ್ರು."

ಗಾನವಿ ಕೈಯಲ್ಲಿದ್ದ ಪಾಸ್‌ಪೋರ್ಟನ್ನು ನೋಡುತ್ತ, ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ ಹೇಳಿದಳು.

"ಯಾಕೆ ಹೋಗ್ತಿದೀರಿ ಅಂದ್ರು. ಅಣ್ಣನ್ನ ನೋಡ್ಕೊಳ್ಳೋಕೆ ಅಂದೆ. ಎಷ್ಟು ದಿನ ಇರ್ತೀರಿ ಅಂದ್ರು. ಅವನು ಹುಷಾರಾಗೋ ತನಕ ಅಂದೆ. ಆ ಅಧಿಕಾರಿ ಪೆನ್ ಕೆಳಗಿಟ್ರು. ಆಸ್ಪತ್ರೆ ಕಾಗದದಲ್ಲಿದ್ದ ನಂಬರ್‌ಗೆ ಈಗ ತಾನೆ ಫೋನ್ ಮಾಡಿದ್ವಿ, ನಿಮ್ಮ ಅಣ್ಣ ನಿನ್ನೆನೇ ತೀರಿಕೊಂಡಿದಾರೆ, ನಿಮಗೆ ಯಾರೂ ಹೇಳಿಲ್ವಾ ಅಂದ್ರು."

ವೈಜಯಂತಿ ಅವಳ ಬೆನ್ನ ಮೇಲೆ ಕೈಯಿಡಲು ಹೋದರು. ಕೈ ಅರ್ಧಕ್ಕೇ ನಿಂತಿತು.

"ನಾನು ಜಗಳ ಆಡಿದೆ ಆಂಟಿ. ಯಾರದೋ ಹೆಸರು ನೋಡಿ ಯಾರದೋ ಸುದ್ದಿ ಹೇಳ್ತಿದೀರಿ ಅಂದೆ. ಹಾಗೇನಾದ್ರೂ ಆಗಿದ್ರೆ ನಮ್ಮ ಮನೆಯವರು ನನಗೆ ಹೇಳದೆ ಇರ್ತಿರಲಿಲ್ಲ ಅಂದೆ. ಹೊರಗೆ ನಮ್ಮ ಆಂಟಿ ಕೂತಿದಾರೆ, ನನ್ನ ಫೋನ್ ಅವರ ಹತ್ರನೇ ಇದೆ, ಅವರನ್ನ ಕೇಳಿ ಬನ್ನಿ ಅಂದೆ."

"ಗಾನವಿ..."

"ಎಲ್ಲರೂ ನನ್ನನ್ನೇ ನೋಡ್ತಿದ್ರು. ಅವರು ಒಳ್ಳೆಯವರೇ. ಗಾಜಿನ ಕೆಳಗಿನಿಂದ ನೀರು ಕೊಟ್ರು. ರೋಗೀನ ನೋಡ್ಕೊಳ್ಳೋಕೆ ಅಂತ ಅರ್ಜಿ ಹಾಕಿದೀರಿ, ಈಗ ರೋಗೀನೇ ಇಲ್ಲ, ಈ ಅರ್ಜಿ ಮೇಲೆ ನಾನು ವೀಸಾ ಕೊಡೋ ಹಾಗಿಲ್ಲ ಅಂದ್ರು. ಬೆಳಿಗ್ಗೆನೇ ಇದನ್ನ ಹೇಳಿ ಬಂದಿದ್ರೆ, ಆಸ್ಪತ್ರೆಯಿಂದ ಬೇರೆ ಕಾಗದ ತರಿಸಿಕೊಂಡು ಇವತ್ತೇ ಕೊಡ್ತಿದ್ದೆ ಅಂದ್ರು. ಈಗ ಕೌಂಟರ್ ಮುಚ್ತು. ಮಣ್ಣಿಗೆ ಹೋಗ್ತಿದೀನಿ ಅಂತ ಬರೆದು ಸೋಮವಾರ ಬರಬೇಕಂತೆ." ಅವಳು ತಲೆಯೆತ್ತಿದಳು. "ಸೋಮವಾರ ಕೊಟ್ರೆ ಮಂಗಳವಾರ ಮುಟ್ತೀನಿ. ಅಲ್ಲೀತನಕ ಇಟ್ಟಿರ್ತಾರೆ, ಅಲ್ವಾ?"

ಇದನ್ನೂ ತಾನೇ ಹೇಳಬೇಕಾಗಿದೆ ಎಂದು ವೈಜಯಂತಿಗೆ ಆಗ ಅರಿವಾಯಿತು. ಹೇಳಲು ಬೇರೆ ಯಾರೂ ಅಲ್ಲಿರಲಿಲ್ಲ.

"ಸೋಮವಾರ ಬೆಳಿಗ್ಗೆನೇ ಮಣ್ಣು, ಗಾನವಿ. ನಿಮ್ಮ ಮಾವ ಒಪ್ಪಿಬಿಟ್ಟಿದಾರೆ. ಅದು ತಪ್ಪಿದ್ರೆ ಮತ್ತೆ ಜಾಗ ಯಾವಾಗ ಸಿಗುತ್ತೋ ಗೊತ್ತಿಲ್ಲವಂತೆ."

ಹುಡುಗಿ ಬೈದಿದ್ದರೆ ವೈಜಯಂತಿ ಬೈಸಿಕೊಳ್ಳುತ್ತಿದ್ದರು. ಕೂಗಾಡಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದರು. ಅವಳು ಕಾಗದಗಳನ್ನು ಒಂದೊಂದಾಗಿ ಜೋಡಿಸಿ, ಪಾಸ್‌ಪೋರ್ಟನ್ನು ಅವುಗಳ ನಡುವೆ ಇಟ್ಟಳು. ಮುಖ ನೋಡಲಿ ಎಂದೇ ಮುಚ್ಚಿಟ್ಟಿದ್ದು. ಮುಚ್ಚಿಟ್ಟದ್ದರಿಂದಲೇ ಮುಖ ನೋಡುವುದು ತಪ್ಪಿತು. ಎಷ್ಟೋ ಜನರ ಚೀಲ ಕಾದು ಒಂದು ನೂಲೂ ಕಳೆಯದಂತೆ ಒಪ್ಪಿಸಿದ ತಾನು ಈ ಹುಡುಗಿಯದನ್ನು ಕಳೆದುಬಿಟ್ಟೆ ಎಂದು ವೈಜಯಂತಿಯವರಿಗೆ ನಾಚಿಕೆಯಾಯಿತು.

ಚೀಲದೊಳಗೆ ಗಾನವಿಯ ಫೋನ್ ಬಡಿದುಕೊಳ್ಳತೊಡಗಿತು. ತೆಗೆದು ನೋಡಿದರೆ ‘ಅವ್ವ’ ಎಂದಿತ್ತು.

"ಅವ್ವಗೂ ಹೇಳಿಲ್ಲ ಅಲ್ವಾ?"

"ಇಲ್ಲ. ಸೀರಿಯಸ್ ಅಂತಷ್ಟೇ ಹೇಳಿದಾರೆ."

"ನೀವೇ ತಗೊಳ್ಳಿ. ನನ್ನಿಂದ ಆಗಲ್ಲ. ಹುಷಾರಾಗ್ತಿದಾನೆ ಅನ್ನಿ." ಗಾನವಿ ಮುಖ ತಿರುಗಿಸಿದಳು. "ನಿಮಗೆ ಅಭ್ಯಾಸ ಇದೆಯಲ್ಲ."

ವೈಜಯಂತಿ ಫೋನ್ ಕಿವಿಗೆ ಹಿಡಿದರು.

"ಗಾನವಿ, ವೀಸಾ ಆತೇನವಾ?" ಎಂದರು ಶಾಂತಮ್ಮ. "ಅಣ್ಣ ಹೆಂಗದಾನಂತ? ಊಟ ಮಾಡ್ತಾನಂತೇನು?"

ವೈಜಯಂತಿ ಈ ಹೆಂಗಸನ್ನು ಕಂಡವರಲ್ಲ. ಬಿ.ಪಿ. ಇದೆ ಎಂದು ಮಾತ್ರ ಗೊತ್ತು. ಪಕ್ಕದಲ್ಲಿ ಯಾರಿದ್ದಾರೋ, ನಿಂತಿದ್ದಾರೋ ಕೂತಿದ್ದಾರೋ ತಿಳಿಯದು. ಮೊದಲಿನ ವೈಜಯಂತಿಯಾಗಿದ್ದರೆ ಇಷ್ಟು ಕಾರಣ ಸಾಕಿತ್ತು.

"ಶಾಂತಮ್ಮನವರೇ, ನಾನು ದಿಲ್ಲಿಯಿಂದ ವೈಜಯಂತಿ. ಗಾನವಿ ನನ್ನ ಪಕ್ಕದಲ್ಲೇ ಇದಾಳೆ. ನೀವು ಎಲ್ಲಾದ್ರೂ ಕೂತ್ಕೊಳ್ಳಿ."

"ಕುಂತೇ ಇದೀನ್ರಿ."

"ವೀಸಾ ಆಗಲಿಲ್ಲ. ಅದು ನಮ್ಮ ತಪ್ಪಿನಿಂದ ಆಗಲಿಲ್ಲ, ಅವಳ ತಪ್ಪಲ್ಲ. ಯಶವಂತ್ ಇಲ್ಲಮ್ಮ. ನಿನ್ನೆ ರಾತ್ರಿ ತೀರಿಕೊಂಡ. ಸೋಮವಾರ ಅಲ್ಲೇ ಮಣ್ಣು ಮಾಡ್ತಾರೆ. ನಿಮ್ಮ ಹತ್ರ ಯಾರೂ ಇದನ್ನ ಹೇಳಿಲ್ಲ, ಅದಕ್ಕೆ ನಾನು ಹೇಳ್ತಿದೀನಿ."

ಗಾನವಿ ಥಟ್ಟನೆ ಇತ್ತ ತಿರುಗಿ ಅವರ ಮೊಣಕೈ ಹಿಡಿದಳು. ಫೋನಿನಿಂದ ಯಾರೋ ಪಾತ್ರೆ ತೊಳೆಯುವ ಸದ್ದು, ಯಾವುದೋ ಮಗುವಿನ ಮಾತು ದೂರದಲ್ಲಿ ಕೇಳಿಸಿತು. ಶಾಂತಮ್ಮ ಬಿದ್ದುಹೋದರೇನೋ ಎಂದು ವೈಜಯಂತಿ ಹೆದರಿದರು.

"ಗೊತ್ತೈತ್ರಿ" ಎಂದಿತು ಆ ಕಡೆಯ ಧ್ವನಿ. ತೀರ ಮೆಲ್ಲಗೆ, ಮನೆಯಲ್ಲಿ ಬೇರೆಯವರಿಗೆ ಕೇಳಬಾರದೆಂಬಂತೆ. "ರಾತ್ರಿ ತಮ್ಮ ಅಂಗಳದಾಗ ನಿಂತು ಫೋನಿನ್ಯಾಗ ಅಳತಿದ್ದ, ನಾ ಕಿಡಕಿ ಹತ್ರನೇ ಮಲಗಿದ್ದೆ. ಮಗಳಾದರೂ ಹೋಗಿ ಮುಖ ನೋಡ್ಲಿ, ವೀಸಾ ಆಗೂತನಕ ನನಗ ಗೊತ್ತಾಗೈತಿ ಅಂತ ಯಾರಿಗೂ ತಿಳೀಬಾರದು, ತಿಳಿದರ ಸುದ್ದಿ ಆಕಿಗೂ ಮುಟ್ಟತೈತಿ ಅಂತ ಸುಮ್ಮನಿದ್ದೆ. ಮುಂಜಾನಿಂದ ಎಲ್ಲಾರನ್ನೂ ‘ನನ್ನ ಮಗ ಹೆಂಗದಾನ’ ಅಂತ ಕೇಳಿಕೋತ ಕುಂತೀನಿ."

ವೈಜಯಂತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಆಕಿಗೆ ಗೊತ್ತಾತಲ್ರಿ?"

"ಆಯ್ತಮ್ಮ."

"ಹಂಗಾದ್ರ ಆಕಿ ಕೈಯಾಗ ಫೋನ್ ಕೊಡ್ರಿ" ಎಂದರು ಶಾಂತಮ್ಮ. "ನಾವಿಬ್ಬರೂ ಇನ್ನಾ ಅತ್ತಿಲ್ಲ."

ವೈಜಯಂತಿ ಫೋನನ್ನು ಗಾನವಿಯ ಕೈಗಿಟ್ಟು, ಎದ್ದು ಹೋಗಿ ಮರದ ಆಚೆ ಬದಿಗೆ ಕೂತರು.